ಹಾಸಿನಾಳದ ಓದುಗೆರೆ

ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಹಾಸಿನಾಳದ ಶಾಲೆಯ ಒತ್ತಾಸೆಗಂಬ ಸಣ್ಣಗೆ ಗುಂಯ್‌ಗುಟ್ಟಿತು. ಅಂಗಳದ ನಡುವೆ ನೆಟ್ಟ ಆಳೆತ್ತರದ ಬೂದುಬಣ್ಣದ ಕೊಳವೆ ಅದು. ನೆತ್ತಿಯ ಮೇಲೆ ಬೋಗುಣಿ ಬೋರಲು ಹಾಕಿದಂತೆ ಒಂದು ಮುಚ್ಚಳ. ಅದು ಗುಂಯ್‌ಗುಟ್ಟಿದ ಮರುಕ್ಷಣ ಹೆಬ್ಬಾಗಿಲ ಮೇಲಿನ ಕರಿಯ ಫಲಕದಲ್ಲಿ ಹೆಸರುಗಳು ಒಂದೊಂದಾಗಿ ಬೆಳಗತೊಡಗಿದವು. 'ಮಾಬೂಬಿ ನದಾಫ: ಅಂಗಳ ಗುಡಿಸಿದ್ದು, ನೀರು ತುಂಬಿದ್ದು.' 'ನಿಂಗಪ್ಪ ಚಿಲ್ಲಾಳ: ಎಂಟನೆಯ ತರಗತಿಗೆ ಲೆಕ್ಕ ಹೇಳಿಕೊಟ್ಟಿದ್ದು.' 'ಪಾರವ್ವ ರಾಜನಾಳ: ಬಿಸಿಯೂಟಕ್ಕೆ ಕಾಯಿಪಲ್ಯ, ಮುರಿದ ಕಿಟಕಿಯ ದುರಸ್ತಿ.' ಯಾರು ಎಷ್ಟು ಮಾಡಿದ್ದರೋ ಅವರ ಹೆಸರಿಗೆ ಅಷ್ಟು ಬೆಳಕು. ಎರಡು ವರ್ಷದ ಹಿಂದೆ ಒಂದು ಗೋಡೆಗೆ ಸುಣ್ಣ ಹೊಡೆಸಿ, ಫೋಟೋ ತೆಗೆಸಿಕೊಂಡು ಹೋದ ಸಿಮೆಂಟ್ ಕಂಪನಿಯ ಹೆಸರು ಕೆಳಗಿನ ಮೂಲೆಯಲ್ಲಿ ಕಂಡೂ ಕಾಣದಂತೆ ಮಿಣುಕುತ್ತಿತ್ತು.

ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ, ಹಗಲಿನಲ್ಲೂ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದುದು ಶಾಲೆಯ ಹೆಸರು: 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹಾಸಿನಾಳ.'

ಶಾಲಾ ಸಮಿತಿಯ ಅಧ್ಯಕ್ಷೆ ಪಾರವ್ವ ಆ ಹೊತ್ತಿಗೆ ಅಂಗಳದಲ್ಲೇ ನಿಂತಿದ್ದಳು. ಕುಬಸದ ಖಣ ನೇಯುವ ಹೆಂಗಸು. ದಿನಕ್ಕೆ ಎಂಟು ತಾಸು ಮಗ್ಗದ ಮೇಲೆ ಕೂತು ಬೆನ್ನು ಗಟ್ಟಿಯಾಗಿತ್ತು, ನಾಲಿಗೆ ಹುಟ್ಟಾ ಗಟ್ಟಿ. ಹೆಸರುಗಳೆಲ್ಲ ಮುಗಿದ ಮೇಲೆ ಫಲಕದ ತಳದಲ್ಲಿ ಹೊಸದೊಂದು ಸಾಲು ಮೂಡಿತು. ನಾಲ್ಕನೆಯ ಇಯತ್ತೆಯವರೆಗಷ್ಟೇ ಓದಿದ ಪಾರವ್ವ ಅದನ್ನು ಬೆರಳಿಟ್ಟು ಓದುವವಳಂತೆ ತುಟಿ ಆಡಿಸುತ್ತ ಓದಿದಳು. 'ಗಣಿತ: ಕೊರತೆ ಇಲ್ಲ. ಸಮುದಾಯದಿಂದಲೇ ಪೂರೈಕೆ. ಶಿಕ್ಷಕರ ಹುದ್ದೆಯನ್ನು ಕಾಯಂ ಹಿಂಪಡೆಯಲಾಗಿದೆ.'

"ಸುಲೋಚನಾ ಅಕ್ಕೋರ!" ಎಂದು ಅವಳು ಕೂಗಿದ ಕೂಗಿಗೆ ಒಳಗಿನ ಮಕ್ಕಳು ಎದ್ದು ನಿಂತವು. "ಹೊರಗ ಬರ್ರಿ ಇಲ್ಲಿ. ಏನ ಬರದೈತಿ ನೋಡ್ರಿ ಈ ಹಾಳ ಕಂಬ!"

ಮುಖ್ಯೋಪಾಧ್ಯಾಯಿನಿ ಸುಲೋಚನಾ ಕೈಯಲ್ಲಿ ಒಂದು ಕಂತೆ ಕಾಗದ ಹಿಡಿದುಕೊಂಡೇ ಬಂದರು. ಆ ಶಾಲೆಯಲ್ಲಿ ಇಲಾಖೆಯ ಸಂಬಳ ತೆಗೆದುಕೊಳ್ಳುವವರು ಈಗ ಅವರೊಬ್ಬರೇ. ಐದು ಹುದ್ದೆಗಳಲ್ಲಿ ನಾಲ್ಕು ಒಂದೊಂದಾಗಿ ಹೋಗಿದ್ದವು. ಉಳಿದ ಇವರಿಗೆ ಇಲಾಖೆ ಕೇಳುವ ಮಾಹಿತಿ ತುಂಬುವುದರಲ್ಲೇ ಹಗಲು ಮುಗಿಯುತ್ತಿತ್ತು. ಎಷ್ಟು ಮಕ್ಕಳು ಚಪ್ಪಲಿ ಹಾಕುತ್ತಾರೆ, ಎಷ್ಟು ಮಕ್ಕಳ ಮನೆಯಲ್ಲಿ ಆಡು ಇದೆ ಎಂಬುದೂ ಅದರಲ್ಲಿ ಸೇರಿತ್ತು. ಸೀಮೆಸುಣ್ಣ ಹಿಡಿಯದೆ ಅವರಿಗೆ ವರ್ಷವಾಗಿತ್ತು. ಅವರು ಫಲಕ ಓದಿ, ಕಾಗದದ ಕಂತೆಯನ್ನು ಎದೆಗೆ ಒತ್ತಿಕೊಂಡರು.

ಹಂಪಣ್ಣ ಮಾಸ್ತರು ಜೂನ್ ತಿಂಗಳಲ್ಲಿ ವರ್ಗವಾಗಿ ಹೋದಾಗ, ಬೇರೆಯವರು ಬರುವತನಕ ಮಕ್ಕಳು ಖಾಲಿ ಕೂರಬಾರದೆಂದು ನೇಕಾರ ನಿಂಗಪ್ಪಜ್ಜ ತಾನಾಗಿ ಬಂದು ಲೆಕ್ಕ ಹೇಳಿಕೊಡತೊಡಗಿದ್ದ. ಹಾಸಿನ ಎಳೆ ಎಣಿಸಿ ಗುಣಾಕಾರ, ಭಾಗಾಕಾರ, ಭಿನ್ನರಾಶಿ ಹೇಳಿಕೊಡುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಎಂಟನೆಯ ತರಗತಿಯ ಬೀಜಗಣಿತದ ಪುಟ ತೆರೆದಾಗ ಮಾತ್ರ ಅಜ್ಜ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಇದು ಮಾಸ್ತರು ಬಂದ ಮ್ಯಾಲ" ಎಂದು ಪುಟ ತಿರುವುತ್ತಿದ್ದ. ಇನ್ನು ಮಾಸ್ತರು ಬರುವುದಿಲ್ಲ. ಗಣಿತದ ಶಿಕ್ಷಕರಿಲ್ಲದ ಎಂಟನೆಯ ತರಗತಿಯನ್ನು ಜನವರಿ ಮುಗಿಯುವುದರೊಳಗೆ ಹದಿನಾಲ್ಕು ಕಿಲೋಮೀಟರ್ ದೂರದ ಪಟ್ಟಣದ ಶಾಲೆಗೆ ಸೇರಿಸುವುದು ನಿಯಮ. ಆ ತರಗತಿಯಲ್ಲಿದ್ದವರು ಆರೂ ಹುಡುಗಿಯರೇ. ಒಬ್ಬಳನ್ನೂ ಮನೆಯವರು ಅಷ್ಟು ದೂರ ಕಳಿಸುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ಆರರಲ್ಲಿ ಒಬ್ಬಳು ಪಾರವ್ವನ ಮಗಳು ಕಸ್ತೂರಿ.

ಪಾರವ್ವನೂ ಹಾಗೆಯೇ ಶಾಲೆ ಬಿಟ್ಟವಳು. ಅವಳ ಕಾಲಕ್ಕೆ ಊರಲ್ಲಿ ನಾಲ್ಕರತನಕ ಮಾತ್ರ ಇತ್ತು. ನಾಲ್ಕು ಮುಗಿದ ಮರುದಿನವೇ ಅವಳನ್ನು ಮಗ್ಗದ ಮುಂದೆ ಕೂರಿಸಿದ್ದರು. ಮಗಳ ಕಾಲಕ್ಕೆ ಅದು ಎಂಟಕ್ಕೆ ಬಂದು ನಿಂತಿದೆ, ಅಷ್ಟೇ ಸುಧಾರಣೆ.

ಹದಿನೈದು ದಿನಕ್ಕೆ ಡಾ. ವಾರಿಜಾ ಊರಿಗೆ ಬಂದರು. ಒತ್ತಾಸೆಗಂಬವನ್ನು ಕಂಡುಹಿಡಿದ ವಿಜ್ಞಾನಿ ಆಕೆಯೇ. ಇಡೀ ರಾಜ್ಯದಲ್ಲಿ ಅತಿ ಹೆಚ್ಚು ಸಮುದಾಯದ ನೆರವು ದಾಖಲಾದ ಶಾಲೆ ಹಾಸಿನಾಳದ್ದು. ಅದನ್ನು ಕಣ್ಣಾರೆ ನೋಡಬೇಕೆಂದು ಬಂದಿದ್ದರು. ಮುಖದ ತುಂಬ ಸಂತೋಷವಿತ್ತು. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ.

"ಮೇಡಮ್ಮಾರ, ಮೊದಲ ಇದನ್ನ ಹೇಳ್ರಿ," ಎಂದಳು ಪಾರವ್ವ, ಕುರ್ಚಿ ಕೊಡುವ ಮೊದಲೇ. "ನಿಮ್ಮ ಕಂಬಕ್ಕ ಯಾರು ಏನ ಮಾಡಿದ್ರು ಅಂತ ಹ್ಯಾಂಗ ಗೊತ್ತಾಗತೈತಿ?"

ವಾರಿಜಾ ತಾಳ್ಮೆಯಿಂದ ವಿವರಿಸಿದರು. ಮನುಷ್ಯ ಕೈಯಿಂದ ಮಾಡಿದ ಯಾವ ಕೆಲಸವೂ ಕುರುಹು ಬಿಡದೆ ಹೋಗುವುದಿಲ್ಲ. ಪೊರಕೆಯ ಹಿಡಿಯ ಮೇಲೆ ಬೆವರಿನ ಉಪ್ಪು ಉಳಿಯುತ್ತದೆ. ನೆಲದಲ್ಲಿ ಹೆಜ್ಜೆಯ ಅದುರು ಉಳಿಯುತ್ತದೆ. ಪಾಠ ಹೇಳಿದ ಕೋಣೆಯ ಗಾಳಿಯಲ್ಲಿ ದನಿಯ ಕಾವು ತುಸು ಹೊತ್ತು ನಿಲ್ಲುತ್ತದೆ. ಕಂಬದ ಒಳಗಿರುವ ಸಾವಿರಾರು ಕುರುಹುಗ್ರಾಹಿಗಳು ಇವನ್ನೆಲ್ಲ ಹೀರಿಕೊಂಡು, ಯಾರ ಶ್ರಮ, ಎಷ್ಟು ಹೊತ್ತು, ಮಕ್ಕಳಿಗೆ ಅದರಿಂದ ಏನು ಮುಟ್ಟಿತು ಎಂದು ನಿರ್ಧರಿಸುತ್ತವೆ. ಮಕ್ಕಳಿಗೆ ಮುಟ್ಟದ ಶ್ರಮ ಅದರ ಎಣಿಕೆಗೆ ಬರುವುದಿಲ್ಲ. ರಾಜ್ಯದ ನಲವತ್ತು ಸಾವಿರ ಕಂಬಗಳು ಅಗೋಚರ ತಂತುವಿನಿಂದ ಒಂದಕ್ಕೊಂದು ಬೆಸೆದುಕೊಂಡಿವೆ; ನಲವತ್ತು ಸಾವಿರ ಕಣ್ಣು, ಬುದ್ಧಿ ಮಾತ್ರ ಒಂದೇ.

"ಇದನ್ನು ಯಾಕೆ ಮಾಡಿದೆ ಗೊತ್ತೇ?" ಎಂದರು ವಾರಿಜಾ. "ನಾನೂ ಸರ್ಕಾರಿ ಶಾಲೆಯಲ್ಲಿ ಓದಿದವಳು. ಆಗೆಲ್ಲ ಕಂಪನಿಯವರು, ಸಂಘದವರು ಹೆದ್ದಾರಿ ಪಕ್ಕದ ಶಾಲೆಯನ್ನೇ ದತ್ತು ತೆಗೆದುಕೊಳ್ಳುತ್ತಿದ್ದರು. ಒಂದು ಗಡಿಯಾರ ಕೊಟ್ಟು ಹತ್ತು ಫೋಟೋ. ಒಳಗಿನ ಊರುಗಳಿಗೆ ಯಾರೂ ಬರುತ್ತಿರಲಿಲ್ಲ. ನಿಜವಾಗಿ ನೆರವಾದವರು ಯಾರು, ನಿಜವಾದ ಕೊರತೆ ಎಲ್ಲಿದೆ ಎಂದು ಸುಳ್ಳು ಹೇಳದ ಒಂದು ಯಂತ್ರ ಬೇಕಾಗಿತ್ತು. ಕೊರತೆ ಇರುವಲ್ಲಿಗೆ ನೆರವು ತಾನಾಗಿ ಹರಿಯಬೇಕು. ಅಷ್ಟೇ ಇದರ ನಿಯಮ."

"ಕೊರತಿ ಇಲ್ಲದಲ್ಲಿಗೆ?"

"ಅಲ್ಲಿಗೆ ಹರಿಯುವ ಅಗತ್ಯವಿಲ್ಲವಲ್ಲ."

"ಹಂಗಂದ್ರ," ಪಾರವ್ವ ಸೊಂಟದ ಮೇಲೆ ಕೈ ಇಟ್ಟಳು, "ನಮ್ಮ ಅಜ್ಜ ಎಂಬತ್ತರ ವಯಸ್ಸಿನ್ಯಾಗ ಕೋಲ ಊರಕೊಂತ ಬಂದು ಮಕ್ಕಳಿಗೆ ನಾಕ ಲೆಕ್ಕಾ ಹೇಳಿಕೊಟ್ಟಾನಂತ ನೀವು ಮಾಸ್ತರನ್ನ ಕಸಗೊಂಡ್ರಿ. ಮಾಬೂಬಿ ಕಸಾ ಹೊಡದ್ಲಂತ ಜವಾನನ್ನ ಕಸಗೊಂಡ್ರಿ. ನಾವು ಎಷ್ಟ ಮಾಡತೀವೋ ಅಷ್ಟ ನೀವು ತಗೀತೀರಿ. ಕೈ ಮುಂದ ಮಾಡಿದವರ ಕೈಯಾಗಿಂದ ಕಸಗೊಳ್ಳಾಕ ಇಷ್ಟ ದೊಡ್ಡ ಕಂಬ ಬೇಕಾಗಿತ್ತೇನ್ರಿ?"

ಯಂತ್ರ ಕೊರತೆಯನ್ನು ನೋಡುತ್ತದೆ. ಕೊರತೆಯನ್ನು ಯಾರು ತಮ್ಮ ಮೈಮೇಲೆ ಎಳೆದುಕೊಂಡು ಮುಚ್ಚಿದ್ದಾರೆ ಎಂಬುದನ್ನು ತೂಗಿ ನೋಡಲು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ವಾರಿಜಾ ಪ್ರಾಮಾಣಿಕ ಹೆಂಗಸು; ಅದನ್ನು ಒಪ್ಪಿಕೊಂಡರು. ನಿಯಮವನ್ನು ಬದಲಿಸುವ ಅಧಿಕಾರ ತಮಗಿಲ್ಲ, ಅದು ಇಲಾಖೆಯದು ಎಂದರು. ಹೊರಡುವಾಗ ದನಿ ತಗ್ಗಿಸಿ ಒಂದು ಮಾತು ಸೇರಿಸಿದರು. "ಇಪ್ಪತ್ತೊಂದು ದಿನ ಸತತವಾಗಿ ಕೊರತೆ ಕಂಡರೆ ಹುದ್ದೆ ತಾನಾಗಿ ಮಂಜೂರಾಗುತ್ತದೆ. ಕೊನೆಯ ದಿನ ನಾವು ಬಂದು ಖಾತ್ರಿ ಮಾಡಿಕೊಳ್ಳುತ್ತೇವೆ. ಇಷ್ಟು ಮಾತ್ರ ಹೇಳಬಲ್ಲೆ."

ಅಷ್ಟು ಸಾಕಾಗಿತ್ತು. ಅಂದೇ ಸಮಿತಿ ಸೇರಿತು. ಹನ್ನೊಂದು ಜನ ಸದಸ್ಯರು. ಠರಾವು ಬರೆದವರು ಸುಲೋಚನಾ ಅಕ್ಕೋರು, ಬರೆಸಿದವಳು ಪಾರವ್ವ: ಇಂದಿನಿಂದ ಇಪ್ಪತ್ತೊಂದು ದಿನ ಊರಿನ ಯಾರೂ ಶಾಲೆಗಾಗಿ ಹುಲ್ಲುಕಡ್ಡಿಯನ್ನೂ ಎತ್ತಿ ಇಡತಕ್ಕದ್ದಲ್ಲ. ಕಸ ಬಿದ್ದರೆ ಬೀಳಲಿ. ಕಿಟಕಿ ಮುರಿದರೆ ಮುರಿಯಲಿ. ನಿಂಗಪ್ಪಜ್ಜ ಶಾಲೆಯ ಕಡೆ ತಲೆ ಹಾಕಿ ಮಲಗಲೂ ಬಾರದು.

"ಯಾರರ ಒಬ್ರು ಕೈ ಹಚ್ಚಿದ್ರ," ಎಂದಳು ಪಾರವ್ವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತ, "ನನ್ನಷ್ಟ ಕೆಟ್ಟಾಕಿ ಯಾರೂ ಇಲ್ಲ. ಮೊದಲ ಹೇಳೀನಿ."

ಅದು ಎಂಥ ಕಷ್ಟದ ದಿನಗಳೆಂದು ಹಾಸಿನಾಳದವರನ್ನೇ ಕೇಳಬೇಕು. ಕೆಲಸ ಮಾಡುವುದು ಅವರಿಗೆ ಗೊತ್ತಿತ್ತು, ಮಾಡದೆ ಇರುವುದು ಗೊತ್ತಿರಲಿಲ್ಲ. ಶಾಲೆಯ ಅಂಗಳದಲ್ಲಿ ಬೇವಿನ ಎಲೆ ಬಿದ್ದು ಬಿದ್ದು ಗುಡ್ಡೆಯಾಯಿತು. ಮಾಬೂಬಿ ಆ ದಾರಿ ಬಿಟ್ಟು ಸುತ್ತುಹಾಕಿ ಹೋಗತೊಡಗಿದಳು, ಕಣ್ಣಿಗೆ ಬಿದ್ದರೆ ಕೈ ತಡೆಯುವುದಿಲ್ಲವೆಂದು. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತಂದರು. ಆರು ಹುಡುಗಿಯರು ಗಣಿತದ ಹೊತ್ತಿಗೆ ಸುಮ್ಮನೆ ಗೋಡೆ ನೋಡುತ್ತ ಕೂತರು. ಕಸ್ತೂರಿ ಮನೆಗೆ ಬಂದು ಪಾಟಿಚೀಲ ಎಸೆದು, "ಹಿಂಗ ಕುಂದ್ರೂದಕಿಂತ ಮಗ್ಗದ ಮ್ಯಾಲೆ ಕುಂದ್ರಿಸಿಬಿಡವ್ವ" ಎಂದು ಅತ್ತಳು. ಪಾರವ್ವ ಹಲ್ಲು ಕಚ್ಚಿಕೊಂಡಳು. ಫಲಕದ ಮೇಲೆ ಊರಿನ ಹೆಸರುಗಳು ಒಂದೊಂದಾಗಿ ಆರುತ್ತ ಬಂದವು. ತಳದ ಸಾಲಂತೂ ಮೊದಲ ದಿನವೇ ಬದಲಾಗಿತ್ತು: 'ಗಣಿತ: ಕೊರತೆ ಇದೆ.' ಇಪ್ಪತ್ತನೆಯ ದಿನ: 'ಹುದ್ದೆಯ ಮಂಜೂರಾತಿ ಪರಿಶೀಲನೆಯಲ್ಲಿದೆ.' ಅದನ್ನು ಓದಿ ಪಾರವ್ವ ಕಂಬಕ್ಕೆ ಮೊದಲ ಸಲ ಕೈ ಮುಗಿದಳು.

ಇಪ್ಪತ್ತೊಂದನೆಯ ದಿನ ಒಂಬತ್ತು ಗಂಟೆಗೆ ವಾರಿಜಾ ಬಂದರು, ಜೊತೆಗೆ ಇಲಾಖೆಯ ನಿರ್ದೇಶಕರು. ಕಾರಿನಿಂದಿಳಿದ ನಿರ್ದೇಶಕರು ಅಂಗಳ ನೋಡಿ, "ಎಷ್ಟು ಚೊಕ್ಕಟವಾಗಿದೆ!" ಎಂದರು.

ಪಾರವ್ವ ಅತ್ತ ತಿರುಗಿ ನೋಡಿದಳು. ಒಂದು ಎಲೆ ಇರಲಿಲ್ಲ. ನೀರು ಚಿಮುಕಿಸಿ, ಮುಂಬಾಗಿಲಿಗೆ ರಂಗೋಲಿ ಹಾಕಿದ್ದರು. ಹೊಸ ಹರವಿಯಲ್ಲಿ ತಣ್ಣೀರು, ಅದರ ಮೇಲೆ ಬೆಳಗಿದ ತಂಬಿಗೆ. ಮತ್ತೆ ಮುರಿದಿದ್ದ ಕಿಟಕಿಗೆ ಯಾರೋ ಹಲಗೆ ಹೊಡೆದಿದ್ದರು. ಬಾಗಿಲಿಗೆ ಮಾವಿನ ತೋರಣ. ನಿರ್ದೇಶಕರು ನೇರ ಎಂಟನೆಯ ತರಗತಿಗೆ ಹೋಗಿ ಒಂದು ಭಿನ್ನರಾಶಿಯ ಲೆಕ್ಕ ಕೇಳಿದರೆ, ಆರೂ ಹುಡುಗಿಯರು ಒಟ್ಟಿಗೆ ಕೈ ಎತ್ತಿ ಸರಿ ಉತ್ತರ ಹೇಳಿದರು. ಅಷ್ಟರಲ್ಲಿ ಒಂಬತ್ತೂವರೆಯಾಗಿ ಕಂಬ ಗುಂಯ್‌ಗುಟ್ಟಿತು. ಫಲಕದ ಮೇಲೆ ಹನ್ನೊಂದು ಹೆಸರುಗಳು ಹಿಂದೆಂದೂ ಇಲ್ಲದಷ್ಟು ಪ್ರಖರವಾಗಿ ಬೆಳಗಿದವು. 'ಗಣಿತ: ಕೊರತೆ ಇಲ್ಲ.'

"ಯಾರು?" ಎಂದಳು ಪಾರವ್ವ. "ಯಾರ ಮಾಡಿದ್ರಿ ಇದನ್ನ?"

ಮಾಬೂಬಿ ಸೆರಗು ಬಾಯಿಗೆ ಅಡ್ಡ ಹಿಡಿದಳು. "ಬಂದೋರ ಮುಂದ ಸಾಲಿ ಹೊಲಸ ಕಾಣಬಾರದಂತ, ಅಂಗಳಾ ಒಂದ ಹೊಡದೆನವ್ವ. ನಾ ಒಬ್ಬಾಕಿ ಮಾಡಿದ್ರ ಏನಾಗತೈತಿ ಅಂತ ಮಾಡಿದ್ನಿ."

ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಒಬ್ಬರಿಗೊಬ್ಬರು ತಿಳಿಯದಂತೆ, ಬೆಳಗಿನ ಜಾವದಿಂದ ಒಬ್ಬರಾದ ಮೇಲೊಬ್ಬರು ಬಂದು ಕದ್ದು ಕದ್ದು ಕೆಲಸ ಮಾಡಿ ಹೋಗಿದ್ದರು. ನಿಂಗಪ್ಪಜ್ಜ ತಲೆ ತಗ್ಗಿಸಿ ಕೋಲಿನಿಂದ ನೆಲ ಕೆರೆಯುತ್ತಿದ್ದ. "ಸಾಹೇಬ್ರು ಪ್ರಶ್ನಿ ಕೇಳಿದ್ರ ನಮ್ಮ ಹುಡುಗ್ಯಾರು ಮಾರಿ ತೆಳಗ ಹಾಕಬಾರದಲ್ಲೇನ ತಂಗಿ. ಒಂದ ತಾಸ ಹೇಳಿಕೊಟ್ಟೆ. ಒಂದ ತಾಸು."

ಪಾರವ್ವ ಅವರೆಲ್ಲರನ್ನೂ ಹರಿದು ತಿನ್ನುವಂತೆ ಬಾಯಿ ತೆರೆದಳು. ಆಗ ಸುಲೋಚನಾ ಅಕ್ಕೋರು ಮೆಲ್ಲಗೆ ಅವಳ ಮೊಣಕೈ ಮುಟ್ಟಿ ಫಲಕದ ಕಡೆ ತೋರಿಸಿದರು. ಹನ್ನೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿದ್ದ ಹೆಸರು ಪಾರವ್ವ ರಾಜನಾಳ. 'ಮುರಿದ ಮೇಜಿಗೆ ಕಾಲು ಕಟ್ಟಿ, ಹೊಸ ಖಣ ಹೊದಿಸಿದ್ದು.'

ಹೌದು. ಅಂದು ಬೆಳಕು ಹರಿಯುವ ಮೊದಲೇ, ಮಿಕ್ಕವರಿಗಿಂತ ಮುಂಚೆ, ಅವಳೂ ಬಂದು ಹೋಗಿದ್ದಳು. ಸಾಹೇಬರು ಕಾಗದ ಇಟ್ಟು ರುಜು ಮಾಡುವ ಮೇಜು ಮೂರು ಕಾಲಿನ ಮೇಲೆ ನಿಂತಿರುವುದು ನೆನಪಾಗಿ ಜೀವ ಹಿಡಿ ಆಗಿತ್ತು. ನಾಳೆ ಮಾರಬೇಕಾಗಿದ್ದ ಖಣವನ್ನು ಮಗ್ಗದಿಂದ ಕತ್ತರಿಸಿ ತಂದು ಹೊದಿಸಿದ್ದಳು. ಅದು ಕೆಲಸವೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ನಿರ್ದೇಶಕರು ಆ ಖಣದ ಮೇಲೆಯೇ ಮಂಡಕ್ಕಿ ಗಿರಮಿಟ್ಟಿನ ತಟ್ಟೆ ಇಟ್ಟುಕೊಂಡು ತಿನ್ನುತ್ತ, ಇಂಥ ಊರು ರಾಜ್ಯಕ್ಕೇ ಮಾದರಿ, ನಿಮ್ಮಂಥ ಸಹಭಾಗಿಗಳಿದ್ದರೆ ಇಲಾಖೆಗೆ ಯಾವ ಚಿಂತೆಯೂ ಇಲ್ಲ ಎಂದರು. ಸನ್ಮಾನ ಪತ್ರವೊಂದನ್ನು ಕಳಿಸಿಕೊಡುವುದಾಗಿ ಹೇಳಿ, ಇನ್ನೊಂದು ತಟ್ಟೆ ಗಿರಮಿಟ್ಟು ಹಾಕಿಸಿಕೊಂಡರು.

ಪಾರವ್ವ ಹೊರಗೆ ಬಂದು ಹೆಬ್ಬಾಗಿಲಿನಲ್ಲಿ ನಿಂತಳು. ಊರಿನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ತಲೆ ಎತ್ತಿ ಫಲಕ ನೋಡಿದಳು. ಇಪ್ಪತ್ತು ದಿನ ಊರವರ ಹೆಸರುಗಳೆಲ್ಲ ಆರುತ್ತ ಬಂದಾಗಲೂ ಎಲ್ಲಕ್ಕಿಂತ ಮೇಲಿನ ಹೆಸರು ಮಾತ್ರ ಒಂದಿಷ್ಟೂ ಮಂಕಾಗಿರಲಿಲ್ಲ. ಅದು ಇಂದೂ ಹಾಗೇ ಕುಕ್ಕುತ್ತಿತ್ತು.

"ಮೇಡಮ್ಮಾರ," ಎಂದಳು. ವಾರಿಜಾ ಅವಳ ಹಿಂದೆಯೇ ಬಂದು ನಿಂತಿದ್ದರು. "ನನ್ನ ಹೆಸರು ನಾ ಮಾಡಿದಷ್ಟ ಹೊಳಿತೈತಿ. ಸಿಮೆಂಟ್ ಕಂಪನಿದು ಅವರು ಮಾಡಿದಷ್ಟ. ಮ್ಯಾಲ 'ಸರ್ಕಾರಿ' ಅಂತ ಐತೆಲ್ಲ, ಅದಕ್ಯಾಕ ಪುಕ್ಕಟೆ ದೀಪಾ?"

"ಅದು ಸಹಭಾಗಿಯ ಹೆಸರಲ್ಲ, ಪಾರವ್ವ. ಮಾಲೀಕರ ಹೆಸರು. ಸಹಭಾಗಿ ಎಂದು ನೋಂದಾಯಿಸಿದವರನ್ನು ಮಾತ್ರ ಕಂಬ ಅಳೆಯುತ್ತದೆ."

"ನೋಂದಣಿ ಮಾಡಸೋರು ಯಾರು?"

"ಸಮಿತಿಯ ಅಧ್ಯಕ್ಷರು. ಶಾಲೆಗೆ ಏನಾದರೂ ಕೊಡುವುದಾಗಿ ಮಾತು ಕೊಟ್ಟವರು ಯಾರಾದರೂ ಸರಿ, ಅವರ ಹೆಸರು ಹೇಳಿ ಹೆಬ್ಬೆಟ್ಟು..." ಹೇಳುತ್ತ ಹೇಳುತ್ತ ವಾರಿಜಾ ನಿಂತರು.

ಪಾರವ್ವ ಅವರ ಮುಖ ನೋಡಿದಳು. "ಮಕ್ಕಳಿಗೆ ವಿದ್ಯಾ ಕೊಡತೀವಂತ ಅವರು ಮಾತ ಕೊಟ್ಟಾರೋ ಇಲ್ಲೋ?"

"ಕೊಟ್ಟಿದ್ದಾರೆ," ಎಂದರು ವಾರಿಜಾ. "ಕಾಯಿದೆಯಲ್ಲೇ ಬರೆದುಕೊಟ್ಟಿದ್ದಾರೆ."

ಪಾರವ್ವ ದಾಪುಗಾಲು ಹಾಕುತ್ತ ಕಂಬದ ಹತ್ತಿರ ಹೋಗಿ ಅದರ ಎದೆಯ ಗಾಜಿನ ಮೇಲೆ ಹೆಬ್ಬೆರಳು ಒತ್ತಿದಳು. "ಹೊಸ ಸಹಭಾಗಿಯ ಹೆಸರು?" ಎಂದು ಕಂಬ ಕೇಳಿತು.

"ಸರ್ಕಾರ!" ಎಂದಳು ಪಾರವ್ವ, ಇಡೀ ಓಣಿಗೆ ಕೇಳುವ ಹಾಗೆ.

ಕಂಬ ಗುಂಯ್‌ಗುಟ್ಟಿತು. ಎಂದಿಗಿಂತ ಹೆಚ್ಚು ಹೊತ್ತು ಗುಂಯ್‌ಗುಟ್ಟಿತು. ವಾರಿಜಾ ಬಯಸಿದ್ದರೆ ಎರಡು ಹೆಜ್ಜೆ ಹೋಗಿ ತಡೆಯಬಹುದಾಗಿತ್ತು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಫಲಕದ ಮೇಲೆ 'ಹಿರಿಯ ಪ್ರಾಥಮಿಕ ಶಾಲೆ, ಹಾಸಿನಾಳ' ಎಂಬುದು ಹಾಗೇ ಉಳಿಯಿತು. ಅದರ ಹಿಂದಿನ ಒಂದು ಪದ ಮಾತ್ರ ಮೆಲ್ಲಗೆ ಮಬ್ಬಾಗುತ್ತ ಹೋಗಿ, ಸಿಮೆಂಟ್ ಕಂಪನಿಯ ಹೆಸರಿಗಿಂತಲೂ ಮಂಕಾಗಿ, ಕೊನೆಗೆ ಫಲಕಕ್ಕೆ ಮೂಗು ತಾಗಿಸಿದರಷ್ಟೇ ಕಾಣುವಂತಾಯಿತು. ಸುಲೋಚನಾ ಅಕ್ಕೋರ ಸಂಬಳವೇನೋ ಇಲಾಖೆಯದೇ. ಆದರೆ ಅವರ ಶ್ರಮವೆಲ್ಲ ಕಾಗದ ತುಂಬುವುದಕ್ಕೆ ಹೋಗುತ್ತಿತ್ತಲ್ಲ. ಕಂಬದ ಎಣಿಕೆಗೆ ಅದು ಬರುವಂತಿರಲಿಲ್ಲ.

ನಿರ್ದೇಶಕರು ಕೈ ತೊಳೆದುಕೊಂಡು ಹೊರಗೆ ಬರುವ ಹೊತ್ತಿಗೆ ಅವರ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ನಲವತ್ತು ಸಾವಿರ ಕಂಬಗಳಿಗೆ ಬುದ್ಧಿ ಒಂದೇ ತಾನೆ? ಒಂದು ಕಡೆ ನೋಂದಾಯಿತನಾದ ಸಹಭಾಗಿಯನ್ನು ಅವನ ಹೆಸರಿರುವ ಕಡೆಯೆಲ್ಲ ಅಳೆಯುವುದು ಅದರ ನಿಯಮ. ಮೂರು ಗಂಟೆಯೊಳಗೆ ರಾಜ್ಯದ ಉದ್ದಗಲಕ್ಕೂ ಶಾಲೆಗಳ ತಲೆಯ ಮೇಲಿನ ಆ ಪದಕ್ಕೆ ಅದರದರ ಯೋಗ್ಯತೆಯ ಬೆಳಕು ಬಂದಿತ್ತು. ಕೆಲವು ಕಡೆ ಮೊದಲಿನಂತೆಯೇ ಹೊಳೆಯಿತು. ಅಲ್ಲಿನವರು ಹೆಮ್ಮೆಪಟ್ಟರು, ಪಡಬೇಕಾದ್ದೇ. ಸಾವಿರಾರು ಕಡೆ ಮಬ್ಬಾಯಿತು. ಎಷ್ಟೋ ಗಡಿ ಊರುಗಳಲ್ಲಿ ಪೂರಾ ಆರಿಹೋಗಿ ಕರಿಯ ಹಲಗೆಯಷ್ಟೇ ಉಳಿಯಿತು.

"ಇದನ್ನು ಈಗಲೇ ಸರಿಪಡಿಸಿ," ಎಂದರು ನಿರ್ದೇಶಕರು ವಾರಿಜಾ ಅವರಿಗೆ.

"ಕೆಟ್ಟಿದ್ದರೆ ಸರಿಪಡಿಸಬಹುದು ಸರ್. ಕೆಟ್ಟಿಲ್ಲ," ಎಂದರು ವಾರಿಜಾ. "ನೋಂದಾಯಿಸಿದ ಸಹಭಾಗಿ ತಾನೇ ಬಂದು 'ನಾನು ಕೊಟ್ಟ ಮಾತು ಹಿಂದೆಗೆದುಕೊಂಡೆ' ಎಂದು ಹೇಳಿ ಹೆಬ್ಬೆಟ್ಟು ಒತ್ತಿದರೆ ಹೆಸರು ತೆಗೆಯಬಹುದು. ಒತ್ತುತ್ತೀರಾ?"

ನಿರ್ದೇಶಕರು ಒತ್ತಲಿಲ್ಲ. ಯಾರು ಒತ್ತಿಯಾರು?

ಅಲ್ಲಿಂದ ಮುಂದೆ ಇಲಾಖೆ ಮಾಡಿದ ಮೊದಲ ಕೆಲಸವೆಂದರೆ ಬಣ್ಣ ಕಳಿಸಿದ್ದು. ಶಿಕ್ಷಕರನ್ನಲ್ಲ, ಬಣ್ಣ. ಆರು ತಿಂಗಳಿಂದ ಒಬ್ಬ ಮಾಸ್ತರನ್ನು ಕಳಿಸಲು ಆಗದವರು ಆರು ದಿನದಲ್ಲಿ ಶಾಲೆಗೊಂದರಂತೆ ಬಿಳಿ ಬಣ್ಣದ ಡಬ್ಬಿ ಮುಟ್ಟಿಸಿದರು. ಫಲಕದ ಮೇಲೆ 'ಸರ್ಕಾರಿ' ಎಂಬ ಪದವನ್ನು ಇನ್ನು ಮುಂದೆ ಬೆಳಕಿನಲ್ಲಲ್ಲ, ಬಣ್ಣದಲ್ಲಿ ಕಾಯಮ್ಮಾಗಿ ಬರೆಯತಕ್ಕದ್ದು ಎಂದು ಸುತ್ತೋಲೆ. ಹಾಸಿನಾಳಕ್ಕೆ ಬಂದ ಪೇಂಟರು ನಿಚ್ಚಣಿಕೆ ಹಾಕಿ ಎರಡು ಮೆಟ್ಟಿಲು ಹತ್ತಿದ್ದ. ಪಾರವ್ವ ಕೆಳಗೆ ನಿಂತು ನಿಚ್ಚಣಿಕೆ ಹಿಡಿದಳು, ಬೀಳದಿರಲೆಂದಲ್ಲ.

"ಇಳೀಪಾ ತಮ್ಮಾ," ಎಂದಳು. "ನಿನ್ನ ಮ್ಯಾಲ ಸಿಟ್ಟಿಲ್ಲ. ಉಂಡು ಹೋಗು. ಆದ್ರ ಅಲ್ಲಿ ಬರಿಯಾಕ ಬಿಡಂಗಿಲ್ಲ."

"ಯವ್ವಾ, ಆರ್ಡರ್ ಐತಿ."

"ಇರಲಿ. ಇಪ್ಪತ್ತೊಂದ ದಿನ ನನ್ನ ಮಗಳು ಗ್ವಾಡಿ ನೋಡಕೊಂತ ಕುಂತಾಳ. ಈಗ ಅವರು ಒಂದೀಟ ಈ ಫಲಕಾ ನೋಡಲಿ."

ಈ ಸಲ ಊರಿನ ಯಾರೂ ಕದ್ದು ಬಂದು ಬಣ್ಣ ಹಚ್ಚಲಿಲ್ಲ. ಬಂದವರ ಮುಂದೆ ಕೊರತೆ ಕಾಣಬಾರದೆಂದು ಒದ್ದಾಡುವ ಜನ, ಆ ಕೊರತೆ ತಮ್ಮದಲ್ಲ ಎಂದು ಗೊತ್ತಾದ ಮೇಲೆ ಗಟ್ಟಿಯಾಗಿ ನಿಂತುಬಿಟ್ಟರು. ಮಾಬೂಬಿ ಡಬ್ಬಿಯನ್ನು ಒಯ್ದು ಶೌಚಾಲಯದ ಬಾಗಿಲಿಗೆ ಹಚ್ಚಿಸಿದಳು. ಸುದ್ದಿ ತಂತುವಿನ ಮೇಲೆ ಹೋಯಿತೋ, ಬಸ್ಸಿನ ಮೇಲೆ ಹೋಯಿತೋ, ಊರೂರಿನ ಸಮಿತಿಗಳು ಪೇಂಟರುಗಳಿಗೆ ಊಟ ಹಾಕಿ ವಾಪಸು ಕಳಿಸತೊಡಗಿದವು.

ಮತ್ತೆ ಇಲಾಖೆಗೆ ಉಳಿದದ್ದು ಒಂದೇ ದಾರಿ, ಅದು ಮೊದಲಿನಿಂದಲೂ ಇದ್ದ ದಾರಿ. ಮೊದಲು ಮಾಹಿತಿ ಕೇಳುವುದು ನಿಂತಿತು. ಆಡು, ಚಪ್ಪಲಿಗಳ ಕಾಗದವನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದು, ಸುಲೋಚನಾ ಅಕ್ಕೋರು ವರ್ಷದ ಮೇಲೆ ಸೀಮೆಸುಣ್ಣ ಹಿಡಿದು ತರಗತಿಗೆ ಹೋದರು. ಅಂದು ಫಲಕದ ಮೇಲೆ ಆ ಪದ ತುಸುವೇ ಮಿಣುಕಿತು. ಜನವರಿಯ ಎರಡನೆಯ ಸೋಮವಾರ ಹತ್ತರ ಬಸ್ಸಿನಿಂದ ಒಬ್ಬ ಹೆಣ್ಣುಮಗಳು ಚೀಲ ಹಿಡಿದು ಇಳಿದರು. ಹೆಸರು ಫರ್ಜಾನಾ ಬಳಗಾನೂರ, ಗಣಿತದ ಅಕ್ಕೋರು.

ಮೊದಲ ತಾಸಿಗೇ ಅವರು ಬೀಜಗಣಿತದ ಪುಟ ತೆರೆದರು. ಹಿಂದಿನ ಬೆಂಚಿನಲ್ಲಿ ಕೋಲು ಊರಿಕೊಂಡು ನಿಂಗಪ್ಪಜ್ಜನೂ ಕೂತಿದ್ದ. ಪಾಠ ಮುಗಿದ ಮೇಲೆ ಹೊರಗೆ ಬಂದು ಫಲಕ ನೋಡಿದ. ಅವನ ಹೆಸರು ಆರಿಹೋಗಿತ್ತು. "ಚಲೋ ಆತು," ಎಂದು ಕನ್ನಡಕ ಒರೆಸಿಕೊಂಡ. "ಗೊತ್ತಿಲ್ಲದ್ದಕ್ಕೂ ಒಂದ ಹೆಸರಿಟ್ಟ ಹುಡುಕತಾರಂತವ್ವ, ಎಷ್ಟ ಶ್ಯಾಣ್ಯಾತನ ನೋಡು." ಕಸ್ತೂರಿ ಅವನ ಹಿಂದೆಯೇ ಬಂದು ಅವ್ವನ ಕಡೆ ನೋಡದೆ, ಗೆಳತಿಯೊಂದಿಗೆ ಲೆಕ್ಕದ ಬಗ್ಗೆ ಜಗಳಾಡುತ್ತ ಹೋದಳು. ಆ ಜಗಳ ದೂರವಾಗಿ ಕೇಳಿಸದಾಗುವತನಕ ಪಾರವ್ವ ಕಿವಿಗೊಟ್ಟು ನಿಂತಳು.

ಹಾಗೆಂದು ಅವಳ ಸಿಟ್ಟು ಇಳಿಯಿತೆಂದು ಯಾರೂ ತಿಳಿಯಬಾರದು. ಅವಳು ಒಂದು ಪುಟ್ಟಿ ಸುಣ್ಣದ ಪುಡಿ ತರಿಸಿದಳು. ಹೆಬ್ಬಾಗಿಲಿಗೆ ಬೆನ್ನು ತಿರುಗಿಸದೆ, ಫಲಕದ ಮೇಲಿನ ಆ ಪದದಲ್ಲಿ ಕಣ್ಣು ನೆಟ್ಟು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟಳು. ಹತ್ತು ಹೆಜ್ಜೆಗೆ ಓದಲು ಬಂತು. ಹದಿನೈದಕ್ಕೆ ಬಂತು. ಹತ್ತೊಂಬತ್ತನೆಯದಕ್ಕೆ ಅಕ್ಷರಗಳು ಕಲಸಿಹೋದವು. ಅಲ್ಲಿ ಬಗ್ಗಿ ದಾರಿಗೆ ಅಡ್ಡಲಾಗಿ ಒಂದು ಬಿಳಿಯ ಗೆರೆ ಎಳೆದಳು. ತಿಂಗಳು ಕಳೆಯುವುದರೊಳಗೆ ಸುತ್ತಲಿನ ಊರುಗಳಲ್ಲೂ ಶಾಲೆಯ ಮುಂದೆ ಇಂಥ ಗೆರೆಗಳು ಮೂಡಿದವು; ಜನ ಅದಕ್ಕೆ ಓದುಗೆರೆ ಎಂದು ಹೆಸರಿಟ್ಟರು. ಡಾ. ವಾರಿಜಾ ಹತ್ತು ವರ್ಷ ಕೂತು ಮಾಡಿದ ಯಂತ್ರದಲ್ಲಿ ಅಂಥ ಗೆರೆ ಇರಲಿಲ್ಲ.

ಸುಲೋಚನಾ ಅಕ್ಕೋರು ಬಂದು ಗೆರೆಯನ್ನು ನೋಡಿದರು, ಆಮೇಲೆ ಪಾರವ್ವನ ಮುಖ ನೋಡಿದರು. "ಇಷ್ಟಾದರೂ ಬಂತಲ್ಲ ಪಾರವ್ವ," ಎಂದರು.

"ಹೌದ್ರಿ ಅಕ್ಕೋರ, ಬಂದೈತಿ," ಎಂದಳು ಪಾರವ್ವ ಕೈಯ ಸುಣ್ಣ ಕೊಡವುತ್ತ. ಅಲ್ಲಿಂದ ಬಸ್ಸಿನ ರಸ್ತೆ ಇನ್ನೂರು ಹೆಜ್ಜೆ ದೂರವಿತ್ತು. "ರಸ್ತಾಮ್ಯಾಲ ಹೋಗೋರಿಗೆ ಕಾಣಬೇಕಂದ್ರ ಇನ್ನ ಮೂರು ಮಂದಿ ಬರಬೇಕು."

ಸುಣ್ಣದ ಪುಟ್ಟಿಯನ್ನು ಅವಳು ಮನೆಗೆ ಒಯ್ಯಲಿಲ್ಲ. ಹೆಬ್ಬಾಗಿಲ ಪಕ್ಕದಲ್ಲೇ ಇಟ್ಟು, ಮಳೆಗೆ ತೋಯದ ಹಾಗೆ ಮೇಲೆ ಒಂದು ಹಂಚು ಮುಚ್ಚಿ, ಮಗ್ಗಕ್ಕೆ ಹೊತ್ತಾಯಿತೆಂದು ನಡೆದಳು.